ನೀರಿನ ಸ್ಪೆಷಲಿಸ್ಟು

ಕೋದಂಡರಾಮಪ್ಪ ಮೇಷ್ಟ್ರ ಭಾವಮೈದುನ ಕಾರ್ಡು ಬರೆಯುವ ಬದಲು ಒಂದು ಇನ್‌ಲ್ಯಾಂಡ್ ಲೆಟರು ಬರೆದು, ಅಂಟಿಸಿ ಕಳಿಸಿದ್ದರೆ ಈ ಅನಾಹುತವೇ ಆಗುತ್ತಿರಲಿಲ್ಲ.

ಎಂಬತ್ತಮೂರನೇ ಇಸವಿಯ ಬೇಸಿಗೆ. ಯಲ್ದೂರಿನ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಪಾಠ ಮಾಡುತ್ತಿದ್ದ ಮೇಷ್ಟ್ರಿಗೆ ಮೂರು ತಿಂಗಳಿಂದ ಬಲಗಡೆ ಸೊಂಟದ ಹತ್ತಿರ ಒಂದು ನೋವು. ಬಂತೆಂದರೆ ಬೋರ್ಡಿನ ಮೇಲೆ ಬರೆಯುತ್ತಿದ್ದ ಸೀಮೆಸುಣ್ಣ ಕೈಯಲ್ಲೇ ಪುಡಿಯಾಗಬೇಕು, ಅಂಥ ನೋವು. ಜೊತೆಗೆ ಮೂತ್ರದಲ್ಲಿ ಉರಿ. ಹೆಂಡತಿ ಗಂಗರತ್ನಮ್ಮನನ್ನು ಬಿಟ್ಟರೆ ಯಾರಿಗೂ ಅವರು ಇದನ್ನು ಹೇಳಿರಲಿಲ್ಲ. ಮಕ್ಕಳಿಗೆ ಭಿನ್ನರಾಶಿ ಕಲಿಸುವ ಮನುಷ್ಯ ಊರವರ ಮುಂದೆ ಉಚ್ಚೆಯ ಮಾತಾಡುವುದು ಹೇಗೆ?

ಕೋಲಾರದಲ್ಲಿದ್ದ ಭಾವಮೈದುನನೂ ಅಷ್ಟೇ ಮರ್ಯಾದಸ್ಥ. ಕಾರ್ಡಿನಲ್ಲಿ ಹೀಗೆ ಬರೆದಿದ್ದ: “ಭಾವನವರಿಗೆ ನಮಸ್ಕಾರ. ತಮ್ಮ ನೀರಿನ ತೊಂದರೆ ಅಕ್ಕನ ಕಾಗದದಿಂದ ತಿಳಿಯಿತು. ಬೆಂಗಳೂರಿನಿಂದ ನೀರಿನ ಸ್ಪೆಷಲಿಸ್ಟು ಈ ಶನಿವಾರ ಇಲ್ಲಿಗೆ ಬರುತ್ತಾರೆ. ಎಷ್ಟೇ ಒಳಗೆ ಕಲ್ಲಿದ್ದರೂ ಮಿಷನ್ನಿನಲ್ಲಿ ನೋಡಿ ಹೇಳುತ್ತಾರೆ. ಕಲ್ಲು ಹೋದರೆ ನೀರು ಸರಾಗವಾಗಿ ಹರಿಯುವುದು. ಹತ್ತು ಗಂಟೆಗೆ ತಪ್ಪದೆ ಬನ್ನಿ. ಬಾಟ್ಲಿಯಲ್ಲಿ ಸ್ಯಾಂಪಲ್ ತನ್ನಿ.”

ಕಾರ್ಡನ್ನು ಮೊದಲು ಪೋಸ್ಟ್‌ಮ್ಯಾನ್ ಓದಿದ. ಆಮೇಲೆ ಅದು ಕಾಫಿ ಹೋಟೆಲಿನಲ್ಲಿ ಗಟ್ಟಿಯಾಗಿ ಓದಲ್ಪಟ್ಟಿತು. ಮೇಷ್ಟ್ರ ಕೈಗೆ ಬರುವಷ್ಟರಲ್ಲಿ ಊರಿನಲ್ಲಿ ಅದು ಬಾಯಿಪಾಠವಾಗಿತ್ತು. ಊರು ಕಾದಿದ್ದದ್ದೂ ಅಂಥ ನೀರಿನ ಸ್ಪೆಷಲಿಸ್ಟಿಗೇ. ಎರಡು ವರ್ಷದಲ್ಲಿ ಮೂರು ಬೋರು ಕೊರೆಸಿದ್ದರು. ಮೂರರಲ್ಲೂ ಬಂದದ್ದು ಬಿಳಿ ಧೂಳು ಮಾತ್ರ.

ಶನಿವಾರ ಬೆಳಿಗ್ಗೆ ಮೇಷ್ಟ್ರು ತೊಳೆದ ಟಾನಿಕ್ ಬಾಟ್ಲಿಯಲ್ಲಿ ಸ್ಯಾಂಪಲ್ ತುಂಬಿ, ಪೇಪರಿನಲ್ಲಿ ಸುತ್ತಿ, ಚೀಲದೊಳಗಿಟ್ಟುಕೊಂಡು, ಯಾರ ಕಣ್ಣಿಗೂ ಬೀಳದಂತೆ ಬಸ್ ಸ್ಟಾಪಿಗೆ ಬಂದರು. ಅಲ್ಲಿ ಪಂಚಾಯ್ತಿ ಚೇರ್ಮನ್ ಗಂಗುಲಪ್ಪ ಇಸ್ತ್ರಿ ಪಂಚೆ ಉಟ್ಟು, ಕೈಯಲ್ಲಿ ಹೂವಿನ ಹಾರ ಹಿಡಿದು ಮದುವೆ ಗಂಡಿನ ಹಾಗೆ ನಿಂತಿದ್ದ. ಪಕ್ಕದಲ್ಲಿ ಇಬ್ಬರು ಮೆಂಬರುಗಳು. ಅವರ ಹಿಂದೆ ಕವೆಕಡ್ಡಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಮುಖ ಊದಿಸಿಕೊಂಡಿದ್ದ ಮುನಿಶಾಮಿ. ಹೊಲದಲ್ಲಿ ಕವೆಕಡ್ಡಿ ಹಿಡಿದು ನಡೆದು, ನೆಲದಡಿಯ ನೀರು ಹೇಳುವವನು ಅವನೇ. ಆ ಮೂರು ಬೋರುಗಳ ಜಾಗ ತೋರಿಸಿದವನೂ ಅವನೇ.

“ಬನ್ನಿ ಮೇಷ್ಟ್ರೆ, ಬನ್ನಿ!” ಎಂದ ಗಂಗುಲಪ್ಪ. “ಎಲ್ಲಾ ಗೊತ್ತಾಗೈತೆ ನಮಗೆ. ಇಂಥಾ ವಿಷಯಾನ ಒಬ್ರೇ ಮುಚ್ಚಿಟ್ಕೊಂಡ್ರೆ ಆಗ್ತದಾ?”

ಮೇಷ್ಟ್ರು ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡರು. “ಅದು... ನಂದೇ ಸ್ವಂತ ತೊಂದರೆ ಚೇರ್ಮನ್ರೇ. ನೀವ್ಯಾಕೆ ಸುಮ್ನೆ...”

“ಸ್ವಂತ ಅಂತ ಯಾವುದೂ ಇಲ್ಲ ಮೇಷ್ಟ್ರೆ. ನಿಮಗೆ ಬಂದ್ರೆ ಊರಿಗೇ ಬಂದಂಗೆ!”

ಮಾತು ಮುಗಿಯುವ ಮೊದಲೇ ಬಸ್ಸು ಬಂತು. ಎಲ್ಲರೂ ಹತ್ತಿದರು. ತಮ್ಮ ಕಾಯಿಲೆಗೆ ಊರೇ ಇಷ್ಟು ಮರುಗುತ್ತಿದೆಯಲ್ಲ ಎಂದು ಮೇಷ್ಟ್ರಿಗೆ ಸಂತೋಷವಾಯಿತು. ನಾಚಿಕೆಯೂ ಆಯಿತು.

ಶ್ರೀನಿವಾಸಪುರ ದಾಟಿದ ಮೇಲೆ ಬಸ್ಸು ಒಂದು ಗುಂಡಿಯಲ್ಲಿ ಇಳಿದೆದ್ದಿತು. ಚೀಲ ಜಾರಿ, ಬಾಟ್ಲಿ ಉರುಳಿ, ಗಂಗುಲಪ್ಪನ ಕಾಲ ಹತ್ತಿರ ಹೋಗಿ ನಿಂತಿತು. ಅವನು ಎತ್ತಿಕೊಂಡು, ಪೇಪರು ಬಿಚ್ಚಿ, ಕಿಟಕಿಯ ಬಿಸಿಲಿಗೆ ಹಿಡಿದ.

“ಇದೇ ಅಲ್ವಾ ಸ್ಯಾಂಪಲ್ಲು? ಏನ್ ಮೇಷ್ಟ್ರೆ, ಹಿಂಗೆ ಹಳದಿ ಅದೆ?”

“ಕೊಡಿ, ಕೊಡಿ ಇಲ್ಲಿ!”

“ಇರ್ರೀ. ಯಾವ ಬಾವೀದು?”

“ನಮ್ಮ... ನಮ್ಮ ಮನೇದೇ,” ಎಂದರು ಮೇಷ್ಟ್ರು. ದನಿ ಇರುವೆಯ ದನಿಯಾಗಿತ್ತು.

ಬಾಟ್ಲಿ ಕೈಯಿಂದ ಕೈಗೆ ದಾಟಿತು. ಒಬ್ಬ ಮೆಂಬರು ಕುಲುಕಿ, ಅಡಿಯಲ್ಲಿ ಮಣ್ಣಿನಂಶ ಇದೆ ಎಂದ. ಇನ್ನೊಬ್ಬ, ಇದರಲ್ಲಿ ಟೊಮ್ಯಾಟೊ ಬರಲ್ಲ, ರಾಗಿ ಬಂದೀತು ಎಂದ. ಮುನಿಶಾಮಿ ನೋಡಲೂ ಒಪ್ಪದೆ, “ಅಂತಾ ಅಬದ್ಧಂ!” ಎಂದು, ಎಲ್ಲ ಸುಳ್ಳೆಂಬಂತೆ, ತೆಲುಗಿನಲ್ಲಿ ಗೊಣಗಿ ಕಿಟಕಿಯ ಕಡೆ ತಿರುಗಿದ. ಗಂಗುಲಪ್ಪ ಮುಚ್ಚಳ ತೆಗೆದು ಮೂಸಿ ನೋಡಿದ.

“ಉಪ್ಪು ಜಾಸ್ತಿ ಅನ್ಸುತ್ತೆ. ಒಂದ್ ತೊಟ್ಟು ನಾಲಿಗೆ ಮ್ಯಾಲೆ ಇಟ್ರೆ ಗೊತ್ತಾಗ್ತದೆ...”

ಮೇಷ್ಟ್ರು ಹುಲಿಯ ಹಾಗೆ ಹಾರಿ ಬಾಟ್ಲಿ ಕಿತ್ತುಕೊಂಡರು. ಆ ರಭಸಕ್ಕೆ ಸೊಂಟದ ನೋವು ಭುಗಿಲೆಂದಿತು. ಕೋಲಾರ ಬರುವವರೆಗೂ ಅವರು ಬಾಟ್ಲಿಯನ್ನು ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡು ಕೂತರು.

ನರ್ಸಿಂಗ್ ಹೋಮಿನ ಬಾಗಿಲಲ್ಲಿ ಬೋರ್ಡಿತ್ತು. ಗಂಗುಲಪ್ಪ ಅಕ್ಷರ ಕೂಡಿಸಿ ಓದಿದ. “ಯೂ-ರಾ-ಲ-ಜಿಸ್ಟ್. ಸರ್ಕಾರದೋರು ಜಿಯಾಲಜಿಸ್ಟು, ಇವರು ಪ್ರೈವೇಟಿನೋರು. ಅದಕ್ಕೇ ಕಟ್ಟಡ ಇಷ್ಟು ಜೋರಾಗೈತೆ.”

ಅವರನ್ನೆಲ್ಲ ಜಗಲಿಯ ಬೆಂಚಿನ ಮೇಲೆ ಕೂರಿಸಿ ನರ್ಸು ಮೇಷ್ಟ್ರೊಬ್ಬರನ್ನೇ ಒಳಗೆ ಬಿಟ್ಟಳು.

ಡಾಕ್ಟರು ಒಳ್ಳೆಯವರು. ಮೇಷ್ಟ್ರ ಮುಖ ನೋಡಿಯೇ, “ಹೆದರ್ಕೊಬೇಡಿ,” ಎಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. “ನೋಡಿ, ಅವರೆಕಾಳಿನ ಆಕಾರದ್ದು ಎರಡು ಇದಾವಲ್ಲ, ಇವು ಕಿಡ್ನಿ. ರಕ್ತ ಸೋಸಿ ಕಸ ತೆಗೆಯೋ ಜರಡಿ. ಒಂದೊಂದರಿಂದ್ಲೂ ಒಂದು ಸಣ್ಣ ಕೊಳವೆ ಇಳಿದು ಈ ಚೀಲಕ್ಕೆ ಸೇರುತ್ತೆ. ನಿಮ್ಮ ಕಲ್ಲು ಈ ಕೊಳವೇಲಿ ಸಿಕ್ಕೊಂಡಿರಬೇಕು. ಅಕ್ಕಿಕಾಳಿನಷ್ಟಿದ್ರೂ ಸಾಕು, ಗಂಡಸನ್ನ ನೆಲಕ್ಕುರುಳಿಸುತ್ತೆ.”

“ಇದಕ್ಕೇ ಅಂತ ಬೇರೆ ಡಾಕ್ಟ್ರು ಇರ್ತಾರಾ ಸಾರ್?”

“ನಾವಿರೋದೇ ಇದಕ್ಕೆ. ಕಿಡ್ನಿಯಿಂದ ಹಿಡಿದು ಮೂತ್ರ ಹೊರಗೆ ಬರೋ ತನಕ ಇಡೀ ದಾರಿ ನಮ್ಮದು. ಕಲ್ಲು, ಉರಿಮೂತ್ರ, ವಯಸ್ಸಾದ ಗಂಡಸರಿಗೆ ಊದ್ಕೊಳ್ಳೋ ಪ್ರಾಸ್ಟೇಟ್ ಗ್ರಂಥಿ, ಎಲ್ಲಾ ನಾವೇ ನೋಡೋದು. ಇದರಲ್ಲಿ ನಾಚ್ಕೊಳ್ಳೋದೇನಿದೆ? ಎಕ್ಸ್‌ರೇ ತೆಗೆಸೋಣ. ಸಣ್ಣ ಕಲ್ಲಾದ್ರೆ ತಾನೇ ಇಳಿಯುತ್ತೆ. ದೊಡ್ಡದಾದ್ರೆ ನಾನು ತೆಗೀತೀನಿ.”

ಮೇಷ್ಟ್ರಿಗೆ ಎದ್ದು ಕುಣಿಯಬೇಕೆನಿಸಿತು. ಮೂರು ತಿಂಗಳಿಂದ ಹೆದರಿ ಸತ್ತದ್ದು ಇಷ್ಟಕ್ಕೇನಾ! ಡಾಕ್ಟರು ಚೀಟಿ ಬರೆಯಲು ಪೆನ್ನು ತೆಗೆದರು. ಆಗಲೇ ಬಾಗಿಲು ದಡಾರೆಂದು ತೆರೆದು ನಿಯೋಗ ಒಳನುಗ್ಗಿತು. ಗಂಗುಲಪ್ಪ ಡಾಕ್ಟರ ಕೊರಳಿಗೆ ಹಾರ ಹಾಕಿಯೇಬಿಟ್ಟ.

“ಸಾರ್, ನಮ್ಮ ಮೇಷ್ಟ್ರು ಸಂಕೋಚದ ಮನುಷ್ಯ, ಪೂರಾ ಹೇಳಿರಲ್ಲ. ನೀರಿನ ತೊಂದ್ರೆ ಇವರೊಬ್ರದಲ್ಲ, ಇಡೀ ಊರಿಂದು!”

ಡಾಕ್ಟರು ಗಾಬರಿಯಾದರು. “ಇಡೀ ಊರಿಗಾ? ಎಷ್ಟು ದಿನದಿಂದ?”

“ಎರಡು ವರ್ಷ ಆಯ್ತು. ಗಂಡಸ್ರು ಹೆಂಗಸ್ರು ಎಲ್ಲಾ ಒದ್ದಾಡ್ತಾವ್ರೆ.”

“ಬರೋದೇ ಇಲ್ವಾ?”

“ಬೆಳಿಗ್ಗೆ ನಾಲ್ಕು ತೊಟ್ಟು ಬಂದ್ರೆ ಪುಣ್ಯ.”

“ಕಲ್ಲು?”

“ಬರೀ ಕಲ್ಲೇ ಸಾರ್! ಇನ್ನೂರು ಅಡಿ ತನಕ ಕಲ್ಲು!”

ಡಾಕ್ಟರ ಕೈಯಿಂದ ಪೆನ್ನು ಬಿತ್ತು. ಇನ್ನು ಸುಮ್ಮನಿದ್ದರೆ ಆಗದೆಂದು ಮೇಷ್ಟ್ರು ಕಣ್ಣು ಮುಚ್ಚಿಕೊಂಡು, ಒಂದೇ ಉಸಿರಿಗೆ ಕಾರ್ಡಿನ ಕತೆಯನ್ನೂ ತಮ್ಮ ಕಾಯಿಲೆಯನ್ನೂ ಹೇಳಿ ಮುಗಿಸಿದರು. ಡಾಕ್ಟರು ಕನ್ನಡಕ ತೆಗೆದಿಟ್ಟು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಮೆಂಬರುಗಳು ನಕ್ಕರು. ಮುನಿಶಾಮಿಯಂತೂ ಎರಡು ವರ್ಷದ ಅವಮಾನ ಕಳೆಯುವಂತೆ ನಕ್ಕ. ಗಂಗುಲಪ್ಪ ಮಾತ್ರ ಮೇಜಿನ ಮೇಲಿದ್ದ ಬಾಟ್ಲಿಯನ್ನೇ ನೋಡುತ್ತ ಮೆಲ್ಲಗೆ ಮೂಗು ಒರೆಸಿಕೊಂಡ.

ಹೋದ ಮಾನ ವಾಪಸು ತರಲೇಬೇಕಾಗಿತ್ತು. “ನಗಬೇಡಿ ಸಾರ್,” ಎಂದ ಅವನು, ಎದೆ ಸೆಟೆಸಿ. “ನೀರು ನೋಡೋರು ನಮ್ಮೂರಲ್ಲಿ ಇಲ್ದೆ ಬಂದೋರಲ್ಲ ನಾವು. ಈ ಮುನಿಶಾಮಿ ಇಲ್ಲಿಂದ ಮುಳಬಾಗಿಲ ತನಕ ನಲವತ್ತು ಬೋರ್ ಪಾಯಿಂಟು ತೋರ್ಸವ್ನೆ!”

ನಲವತ್ತರಲ್ಲಿ ನೀರು ಬಿದ್ದದ್ದು ಎಷ್ಟೆಂದು ಅವನು ಹೇಳಲಿಲ್ಲ. ಡಾಕ್ಟರು ಕೇಳಲೂ ಇಲ್ಲ. ಅವರ ನಗು ನಿಂತುಹೋಗಿತ್ತು.

“ನಿಜವಾಗ್ಲೂ? ರೀ, ಟೇಕಲ್ ಹತ್ರ ನಾನು ನಾಲ್ಕೆಕರೆ ತಗೊಂಡಿದೀನಿ. ಮೂರು ಬೋರು ಫೇಲು! ನಾಳೆ ಬೆಳಿಗ್ಗೆ ಬೋರ್ ಲಾರಿ ಬರುತ್ತೆ, ಇನ್ನೂ ಪಾಯಿಂಟೇ ಆಗಿಲ್ಲ. ನಡೀರಿ, ಎದ್ದೇಳಿ, ಕಾರಿದೆ!”

ಬಿಳಿ ಕೋಟು ಕುರ್ಚಿಯ ಮೇಲೆ ಬಿತ್ತು. ಮುನಿಶಾಮಿ ಕವೆಕಡ್ಡಿಯನ್ನು ಕತ್ತಿಯ ಹಾಗೆ ಎತ್ತಿ ಹಿಡಿದು ಮುಂದೆ ನಡೆದ.

“ಸಾರ್, ನನ್ನ ಕಲ್ಲು...” ಮೇಷ್ಟ್ರು ಹಿಂದೆ ಓಡಿದರು.

“ಅದು ಎಲ್ಲಿಗೂ ಹೋಗಲ್ಲ ಮೇಷ್ಟ್ರೆ, ಅಲ್ಲೇ ಇರುತ್ತೆ!”

ಕಾರಿನಲ್ಲಿ ಮುನಿಶಾಮಿ ಮುಂದಿನ ಸೀಟಿನಲ್ಲಿ ಕೂತ. ಹಿಂದೆ ಚೇರ್ಮನ್ನು, ಮೆಂಬರುಗಳು. ಮೇಷ್ಟ್ರಿಗೆ ಜಾಗವಿರಲಿಲ್ಲ. ಕಾರು ಧೂಳೆಬ್ಬಿಸಿ ಹೋಯಿತು. ಮೆಟ್ಟಿಲ ಮೇಲೆ ಸೊಂಟ ಹಿಡಿದುಕೊಂಡು ನಿಂತ ಮೇಷ್ಟ್ರ ಹತ್ತಿರ ನರ್ಸು ಬಂದಳು.

“ಡಾಕ್ಟ್ರು ಮತ್ತೆ ಇಲ್ಲಿಗೆ ಬರೋದು ಮುಂದಿನ ತಿಂಗಳು, ಆಗ ಬನ್ನಿ. ಅದೂ ಅಲ್ಲಿ ನೀರು ಬೀಳ್ದಿದ್ರೆ ಮಾತ್ರ. ಬಿದ್ರೆ ಪ್ರಾಕ್ಟೀಸ್ ಬಿಟ್ಟು ತೋಟ ಮಾಡ್ತೀನಿ ಅಂತ ಒಂದು ವರ್ಷದಿಂದ ಹೇಳ್ತಾ ಇದಾರೆ.”

ಮೇಷ್ಟ್ರು ಟೇಕಲ್ ದಿಕ್ಕಿಗೆ ತಿರುಗಿ ಎರಡೂ ಕೈ ಮುಗಿದರು. “ಸ್ವಾಮೀ, ಇನ್ನೊಬ್ಬರಿಗೆ ಕೆಟ್ಟದ್ದು ಬಯಸಿದೋನಲ್ಲ ನಾನು. ಆದ್ರೆ ನಾಲ್ಕನೇದೂ ಫೇಲಾಗ್ಲಪ್ಪಾ!”

ಮಾರನೆಯ ದಿನ, ಮುನಿಶಾಮಿ ತೋರಿಸಿದ ಜಾಗದಲ್ಲಿ, ನೂರಿಪ್ಪತ್ತು ಅಡಿಗೇ ನಾಲ್ಕಿಂಚು ನೀರು ಚಿಮ್ಮಿತು.