ಟವೆಲಿನಡಿಯಲ್ಲಿ ನಮ್ಮ ಮೈದುನ

ನಮ್ಮ ಮೈದುನನಿಗೆ ಹುಚ್ಚು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಹುಚ್ಚರು ನಡುವೆ ಬಿಡುವು ಕೊಡುತ್ತಾರೆ. ಅಮಾವಾಸ್ಯೆ ಕಳೆದ ಮೇಲೆ ನಾಲ್ಕು ದಿನ ಸುಮ್ಮನಿರುತ್ತಾರೆ. ಇವನದು ಹಾಗಲ್ಲ, ವರ್ಷಪೂರ್ತಿ ಹಬ್ಬ!

ಮೈದುನನಾದರೂ ಅವನನ್ನು ಬೆಳೆಸಿದವಳು ನಾನೇ. ಚಿತ್ತವಾಡ್ಗಿಯ ಈ ಮನೆಗೆ ನಾನು ಸೊಸೆಯಾಗಿ ಬರುವ ಹೊತ್ತಿಗೆ ಅತ್ತೆ ತೀರಿಕೊಂಡಿದ್ದರು. ಇವನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಓಣಿಯ ನಾಯಿಗಳೆಂದರೆ ಜೀವ ಹೋಗುವಷ್ಟು ಹೆದರಿಕೆ. ಒಂದು ಬೊಗಳಿದರೆ ಸಾಕು, ಎಲ್ಲಿದ್ದರೂ ಓಡಿಬಂದು ನನ್ನ ಸೆರಗಿನೊಳಗೆ ಹೊಕ್ಕು ಕೈ ಹುಡುಕುತ್ತಿದ್ದ. ಹಿಟ್ಟು ಮೆತ್ತಿದ ಕೈಯಿಂದಲೇ ಅವನ ಅಂಗೈಯನ್ನು ಒಮ್ಮೆ ಒತ್ತಿದರೆ ಮುಗಿಯಿತು, ಹೊರಗೆ ಹೋಗಿ ಅದೇ ನಾಯಿಗೆ ಕಲ್ಲು ಬೀಸುತ್ತಿದ್ದ.

ಅಂಥವನು ಬೆಳೆದು ಬಳ್ಳಾರಿಯ ಕಾಮರ್ಸ್ ಸ್ಕೂಲು ಸೇರಿದ. ಮೊದಲ ಪರೀಕ್ಷೆ ಪಾಸಾದ ಮೇಲೆ ಒಂದು ಲೈನು ಆರಿಸಿಕೊಳ್ಳಬೇಕಂತೆ: ಟೈಪು, ಇಲ್ಲವೇ ಲೆಕ್ಕ, ಇಲ್ಲವೇ ವ್ಯಾಪಾರ. ಆಮೇಲೆ ಯಾವುದಾದರೂ ಮಂಡಿಯಲ್ಲೋ ಕಚೇರಿಯಲ್ಲೋ ಕೆಲವು ತಿಂಗಳು ಉಮೇದುವಾರಿ. ಉಮೇದುವಾರಿ ಎಂದರೆ ಕೆಲಸ ಪೂರ್ತಿ, ಸಂಬಳ ಇಲ್ಲ. ಮನೆಯಲ್ಲಿ ನಾನು ಎಷ್ಟೋ ವರ್ಷದಿಂದ ಮಾಡುತ್ತಿರುವುದು ಅದೇ ಎಂದು ಆಗ ಗೊತ್ತಾಯಿತು.

ನಮ್ಮ ಮಾವನವರದು ಒಂದೇ ಮಾತು. “ದೀವಳಿಗಿ ಒಳಗ ಎಲ್ಲೆರ ಕೆಲಸಕ್ಕ ಹತ್ತಿದ್ರ ಸರಿ. ಇಲ್ಲಂದ್ರ ಬಂಡ್ರಿಗೆ ಮನಿಅಳಿಯನ್ನ ಮಾಡಿ ಕಳಿಸ್ತೀನಿ ನೋಡ್ಲೇ.” ಹೆಣ್ಣು ಕೊಡುತ್ತೇವೆಂದಿದ್ದ ಬಂಡ್ರಿಯವರು ಒಳ್ಳೆಯ ಜನ. ಹೊಲವಿತ್ತು, ಎತ್ತಿದ್ದವು. ಆದರೆ ನಾಯಿಗಳನ್ನೂ ಸಾಕಿದ್ದರು. ಮೈದುನನ ಮುಖ ಬಿಳುಚಿಕೊಂಡಿತು.

ಒಂದೊಂದು ಲೈನನ್ನೂ ಮನೆಯಲ್ಲಿ ಪರೀಕ್ಷೆ ಮಾಡಿ ಆರಿಸುತ್ತೇನೆಂದು ರಜೆಗೆ ಬಂದ. ಮೊದಲು ಟೈಪು. ನಾನು ಅಕ್ಕಿ ಕೇರುವ ಮೊರದ ಬೆನ್ನಿಗೆ ಇದ್ದಿಲಿನಿಂದ ಇಂಗ್ಲಿಷ್ ಅಕ್ಷರ ಬರೆದು, ಕಣ್ಣು ಮುಚ್ಚಿ ಟಕಟಕ ಬಡಿಯತೊಡಗಿದ. ಮೊರ ಕಿತ್ತುಕೊಂಡೆ. ಅಷ್ಟಕ್ಕೆ ಬಿಟ್ಟಾನೆಯೇ? ಸಂಜೆ ಮಾವನವರು ಬೆನ್ನು ಒತ್ತು ಎಂದು ಬೋರಲು ಮಲಗಿದರೆ, ಅವರ ಬೆನ್ನ ಮೇಲೇ ಹತ್ತೂ ಬೆರಳಿನಿಂದ ಒಂದು ಪೂರ್ತಿ ಕಾಗದ ಹೊಡೆದುಬಿಟ್ಟ. ಮಾವನವರು ಕಣ್ಣು ಮುಚ್ಚಿಕೊಂಡೇ ಅಂದರು, “ಭಾಳ ಹಿತ ಆತಲೇ. ಇದ ಲೈನು ತಗೋ.” ಇನ್ನು ದಿನಾ ಬೆನ್ನು ಒತ್ತಬೇಕಾದೀತೆಂದು ಇವನು ಆ ಲೈನನ್ನೇ ಬಿಟ್ಟ.

ಆಮೇಲೆ ಲೆಕ್ಕ. ಹೊಸ ಪದ್ಧತಿಯಲ್ಲಿ ಪ್ರತಿಯೊಂದಕ್ಕೂ ಕೊಟ್ಟವನು ಒಬ್ಬ, ತಗೊಂಡವನು ಒಬ್ಬ ಇರಲೇಬೇಕಂತೆ. ರೊಟ್ಟಿ ಹಾಕಿದೊಡನೆ “ಬುಟ್ಟಿಗೆ ಜಮಾ, ಹೊಟ್ಟಿಗೆ ಖರ್ಚು” ಎಂದು ಮಂತ್ರ ಹೇಳಿಯೇ ಬಾಯಿಗಿಡುವನು. ನಮ್ಮ ಮನೆಯವರು ಬಹಳ ಹೊತ್ತು ತಡೆದುಕೊಂಡು ಕೇಳಿದರು, “ಹೊಟ್ಟಿ ಲೆಕ್ಕ ಎಂದೆರ ಚುಕ್ತಾ ಆಗ್ತೈತೇನಲೇ?”

“ದಿನಾ ಮುಂಜಾನೆ ಆಗ್ತೈತಲ್ಲಣ್ಣ,” ಎಂದ ಇವನು.

ಅವರು ತಟ್ಟೆ ಬಿಟ್ಟು ಎದ್ದರು. ಆ ಲೈನೂ ಅಲ್ಲಿಗೆ ಮುಗಿಯಿತು.

ಉಳಿದದ್ದು ವ್ಯಾಪಾರ. ಕಂಪ್ಲಿಯಲ್ಲಿ ಭತ್ತ, ಬೆಲ್ಲದ ದೊಡ್ಡ ಮಂಡಿಯ ಸಾಹುಕಾರರು ಒಬ್ಬ ಉಮೇದುವಾರನನ್ನು ಹುಡುಕುತ್ತಿದ್ದಾರೆಂದು ಸುದ್ದಿ ಬಂತು. ಅಲ್ಲಿ ದರ ಮಾತಾಡುವುದು ಬಾಯಲ್ಲಿ ಅಲ್ಲ, ಟವೆಲಿನ ಕೆಳಗೆ. ಕೊಳ್ಳುವವನೂ ಮಾರುವವನೂ ಕೈಗಳ ಮೇಲೆ ಟವೆಲು ಹೊದಿಸಿಕೊಂಡು ಒಬ್ಬರ ಬೆರಳನ್ನು ಒಬ್ಬರು ಹಿಡಿಯಬೇಕು. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ.

ಇನ್ನು ಕೇಳಬೇಕೆ? ಮೈದುನನ ಹೆಗಲ ಮೇಲೆ ಟವೆಲು ಬಂತು, ಬಾಯಿ ಬಂದ್ ಆಯಿತು. ಕ್ಷೌರಿಕನ ಹತ್ತಿರವೂ ಟವೆಲು, ಅಗಸರ ಹತ್ತಿರವೂ ಟವೆಲು. ಬದನೆಕಾಯಿ ಮಾರುವ ಮುದುಕಿಯ ಮುಂದೆಯೂ ಟವೆಲು ಹಿಡಿದು ಕೈ ಚಾಚಿದ. ಆಕೆ ನಿಧಾನವಾಗಿ ಒಳಗೆ ಕೈ ಹಾಕಿ, ಕಿರುಬೆರಳು ಹುಡುಕಿ ಹಿಡಿದು ತಿರುಚಿದಳು. “ಎಷ್ಟಂತ ತಿಳೀತೇನಪ್ಪ? ಇನ್ನೂ ಹೇಳ್ಲ್ಯಾ?”

ಕೊನೆಗೆ ಸಿಕ್ಕಿಬಿದ್ದವಳು ನಾನು. “ಕೈ ಕೊಡವ್ವ ಅತ್ತಿಗಿ, ನೀನು ರೈತ, ನಾನು ಮಂಡಿಯಾವ.” ಒಲೆಯ ಮುಂದೆ ಕೂತು ಎಷ್ಟು ಚೀಲ ಭತ್ತ ಮಾರಿದೆನೋ! ರಾಶಿ ಹಾಕಿದ್ದರೆ ಓಣಿ ತುಂಬುತ್ತಿತ್ತು. ದರ ಕುದುರಿದ ಕೂಡಲೇ ಕೈ ಬಿಟ್ಟು ಸಾರು ಕದಡಲು ತಿರುಗುತ್ತಿದ್ದೆ. ಅವನು ಮತ್ತೆ ಟವೆಲು ಹಾಸುತ್ತಿದ್ದ.

ದೀಪಾವಳಿ ಹತ್ತಿರ ಬಂದಾಗ ಅಣ್ಣತಮ್ಮ ಇಬ್ಬರೂ ಕಂಪ್ಲಿ ಬಸ್ಸು ಹತ್ತಿದರು. ಅತ್ತ ಮಾವನವರು ಬಂಡ್ರಿಗೆ ಹೇಳಿ ಕಳಿಸಲು ಆಳನ್ನು ಕರೆಸಿ ಜಗಲಿಯ ಮೇಲೆ ಕೂರಿಸಿಕೊಂಡರು. ಆ ದಿನ ನಾನು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ.

ಸಂಜೆ ಮೊದಲು ಒಳಗೆ ಬಂದವರು ನಮ್ಮ ಮನೆಯವರು. ಚಪ್ಪಲಿ ಬಿಟ್ಟು, ನೀರು ಕುಡಿದು, ಆಮೇಲೆ ಹೇಳಿದರು. “ಭಾಳ ಮಂದಿ ಬಂದಿದ್ರು. ಬಿ.ಎ. ಓದಿದಾವ್ರೂ ಇದ್ರು. ಸಾಹುಕಾರ್ರು ತಾವ ರೈತ ಆಗಿ ಕುಂತು, ‘ಈ ಭತ್ತ ನಂದು, ಕೊಳ್ಳಪ್ಪ’ ಅಂದ್ರು. ಇವನೂ ಟವೆಲು ಹಾಕಿ ದರ ಮುಗಿಸಿದ. ದರಾ ಏನೋ ಚಲೋನ ಆತು. ಆದ್ರ ಸಾಹುಕಾರ್ರು ಹಾವು ಕಡಿದಂಗ ಕೈ ತಗದ್ರು.”

“ಅಯ್ಯೋ, ಏನು ಮಾಡಿದ?”

“ಅವ್ರೂ ಅದನ್ನ ಕೇಳಿದ್ರು. ‘ಕಡೀಕ ಒಂದು ಸಲ ಅಂಗೈ ಒತ್ತಿದಿಯಲ್ಲ, ಅದು ಯಾವ ಲೆಕ್ಕ?’ ಅಂತ. ಇವನು ಗಾಬರಿಯಾಗಿ, ‘ಅದೂ ಪದ್ಧತಿ ಅಲ್ಲೇನ್ರಿ? ನಮ್ಮ ಅತ್ತಿಗಿ ದರ ಮುಗಿದ ಮ್ಯಾಲೆ ಪ್ರತಿ ಸಲ ಹಂಗ ಒತ್ತಿ ಕೈ ಬಿಡ್ತಾಳ್ರಿ’ ಅಂದ. ಮಂಡಿ ಮಂದಿ ಎಲ್ಲ ನಕ್ಕರು.”

ನಾನು ಒತ್ತುತ್ತಿದ್ದೆನೇ? ಯಾವಾಗ? ನನಗೆ ಗೊತ್ತೇ ಇರಲಿಲ್ಲ.

“ಸಾಹುಕಾರ್ರು ಮಾತ್ರ ನಗಲಿಲ್ಲ,” ಎಂದರು ನಮ್ಮವರು. “‘ಮಾಲು ಕೊಟ್ಟ ರೈತಗ ಸೋತೆ ಅನಸ್ತೈತಿ. ಆದ್ರ ಇವನ ಕೈಯಾಗ ಕೊಟ್ಟಾವ ಮುಂದಿನ ವರ್ಷನೂ ಇವನ್ನ ಹುಡುಕ್ಕೊಂಡು ಬರ್ತಾನ. ಸೋಮವಾರದಿಂದ ಬಾರಪ್ಪ’ ಅಂದ್ರು.”

ಜಗಲಿಯಲ್ಲಿ ಮಾವನವರು ಬಂಡ್ರಿಗೆ ಹೊರಡಬೇಕಿದ್ದ ಆಳಿಗೆ ಬೆಲ್ಲ ಕೊಟ್ಟು ಮನೆಗೆ ಕಳಿಸಿದರು. ಓಣಿಯ ಮಂದಿಗೆಲ್ಲ ತಾವೇ ಕೂಗಿ ಹೇಳಿದರು, “ನಮ್ಮ ಹುಡುಗ ಬಿ.ಎ.ದಾವ್ರನ್ನ ಹಿಂದ ಹಾಕಿದ ನೋಡ್ರಿ!”

ಆಗ ಒಳಗೆ ಬಂದ ನಮ್ಮ ಮೈದುನ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕೈ ಚಾಚಿ, ಮೇಲೆ ಟವೆಲು ಹೊದಿಸಿದ. ಕಂಪ್ಲಿಯ ದರ ಹೇಳುತ್ತಾನೆಂದು ನಾನೂ ಸೆರಗಿಗೆ ಕೈ ಒರೆಸಿಕೊಂಡು ಒಳಗಿಟ್ಟೆ. ಅವನು ಒಂದು ಬೆರಳನ್ನೂ ಹಿಡಿಯಲಿಲ್ಲ. ಅಂಗೈಯನ್ನು ಒಮ್ಮೆ ಒತ್ತಿದ, ಅಷ್ಟೇ.

ಓಣಿಯಲ್ಲಿ ಆಗ ಒಂದು ನಾಯಿಯೂ ಬೊಗಳುತ್ತಿರಲಿಲ್ಲ.