ಒಂದು ಚಪ್ಪರ, ಎರಡು ಸಾಲು ಅಲಸಂಡೆ

ಗೊಬ್ಬರದ ಬಗ್ಗೆ ಭಾಷಣ ಮಾಡುವವನಿಗೆ ಮರ್ಯಾದೆ ಕಳೆದುಕೊಳ್ಳುವ ಅವಕಾಶಗಳು ಹುಡುಕಿಕೊಂಡು ಬರುತ್ತವೆ. ಕೃಷಿ ಇಲಾಖೆಯ ಕೆಲಸದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಸುತ್ತಾಡಿ ನಿವೃತ್ತನಾದ ನಾನು ಒಂದನ್ನೂ ಬಿಟ್ಟವನಲ್ಲ.

ನನ್ನದು ಒಂದೇ ಮಂತ್ರ. ಅಡಿಯಲ್ಲಿ ದನದ ಹಟ್ಟಿಗೊಬ್ಬರ, ಮೇಲೆ ಸ್ವಲ್ಪ ರಾಸಾಯನಿಕ ಗೊಬ್ಬರ, ಎರಡೂ ಸೇರಿದರೆ ಬೆಳೆ. ಇಲಾಖೆಯವರು ಇದಕ್ಕೆ ‘ಸಮಗ್ರ ಪೋಷಕಾಂಶ ನಿರ್ವಹಣೆ’ ಎಂದು ಹೆಸರಿಟ್ಟಿದ್ದರು. ಮೂರು ಊರಿನವರು ಒಪ್ಪಿದರೂ ಪುತ್ತಿಗೆಯ ನಮ್ಮ ಮನೆಯಲ್ಲಿ ಒಬ್ಬಳು ಒಪ್ಪಲಿಲ್ಲ. ನನ್ನ ಹೆಂಡತಿ ಹಟ್ಟಿಗೊಬ್ಬರ ಮತ್ತು ಒಲೆಯ ಬೂದಿ ಬಿಟ್ಟರೆ ಬೇರೇನನ್ನೂ ಗಿಡದ ಹತ್ತಿರ ಬಿಡುವವಳಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಒಂದು ವರ್ಷ, ದೀಪಾವಳಿ ಕಳೆದ ಮೇಲೆ, ಪಂಥ ಕಟ್ಟಿದೆವು. ಒಂದೇ ಚಪ್ಪರ, ಎರಡು ಸಾಲು ಅಲಸಂಡೆ. ಅವಳ ಸಾಲಿಗೆ ಬರೇ ಹಟ್ಟಿಗೊಬ್ಬರ, ನನ್ನದಕ್ಕೆ ಎರಡೂ. ಯಾರ ಕಾಯಿ ಹೆಚ್ಚು ತೂಗುತ್ತದೋ ಅವರು ಗೆದ್ದ ಹಾಗೆ. ಹಟ್ಟಿಯ ಸಗಣಿ ಬಾಚುವ ಕೆಲಸಕ್ಕೆ ಆವರೆಗೆ ನಮ್ಮೊಳಗೆ ದಿನಾ ಬೆಳಿಗ್ಗೆ ಚರ್ಚೆ ಇತ್ತು. ಇನ್ನು ಸೋತವರಿಗೆ ಅದು ಖಾಯಂ.

ನನಗೆ ಗೆಲ್ಲಲೇಬೇಕಿತ್ತು. ಮರ್ಯಾದೆಗಿಂತ ಹೆಚ್ಚಾಗಿ ಸೊಂಟದ ಪ್ರಶ್ನೆ.

ಗಂಡ ಯಾವುದು?

ಬೀಜ ಮೊಳೆತ ಸುಮಾರಿಗೆ ಪೊಳಲಿಯ ಹತ್ತಿರ ಒಂದು ಮಹಿಳಾ ಮಂಡಲದಲ್ಲಿ ನನ್ನ ಭಾಷಣ. ಪುಸ್ತಕದ ಕನ್ನಡದಲ್ಲಿ ಶುರು ಮಾಡಿದೆ. ಹಿಂದಿನ ಸಾಲಿನಲ್ಲಿ ಆಕಳಿಕೆ ಕಂಡಿತು. ಕೂಡಲೇ ತುಳುವಿಗೆ ಇಳಿದು ಉಪಮೆ ಕೊಟ್ಟೆ. “ಹಟ್ಟಿಗೊಬ್ಬರವೂ ಯೂರಿಯಾವೂ ಗಂಡ ಹೆಂಡತಿ ಇದ್ದ ಹಾಗೆ. ಒಬ್ಬರಿಂದಲೇ ಸಂಸಾರ ಸಾಗುವುದಿಲ್ಲ.”

ಎಲ್ಲರೂ ನೆಟ್ಟಗೆ ಕೂತರು. ಎದುರಿಗಿದ್ದ ಹಿರಿಯ ಅಕ್ಕ ಒಬ್ಬರು ಕೇಳಿದರು, “ಅದರಲ್ಲಿ ಗಂಡ ಯಾವುದು ಸರ್?”

“ಯೂರಿಯಾ. ಬಂದ ಕೂಡಲೇ ಆರ್ಭಟ, ಒಂದು ಮಳೆ ಬಂದರೆ ನಾಪತ್ತೆ. ಹೆಂಡತಿ ಹಟ್ಟಿಗೊಬ್ಬರ. ನಿಧಾನ, ಆದರೆ ಮಣ್ಣನ್ನು ಹಿಡಿದು ನಿಲ್ಲಿಸುವುದು ಅವಳೇ.”

“ಅಲಸಂಡೆಗೆ ಯೂರಿಯಾ ಎಷ್ಟು ಬೇಕು?”

“ಚೂರು ಸಾಕು ಅಕ್ಕ. ಹೆಚ್ಚಾದರೆ ಬರೇ ಎಲೆ, ಕಾಯಿ ಇಲ್ಲ.”

ಅಕ್ಕ ಹಿಂದೆ ತಿರುಗಿ ಎಲ್ಲರಿಗೂ ಸಾರಿದರು, “ಕೇಳಿದಿರಲ್ಲ? ಗಂಡ ಚೂರು ಇದ್ದರೆ ಸಾಕಂತೆ. ಸರ್ಕಾರದವರೇ ಹೇಳ್ತಾ ಇದ್ದಾರೆ.”

ಎದುರಂಗಡಿಯ ಚಹಾ

ನನ್ನ ಸಾಲಿಗೆ ಬೇಕಾದ ಗೊಬ್ಬರ ತರಲು ಗುರುವಾಯನಕೆರೆಗೆ ಹೋದೆ. ಅಲ್ಲಿ ಗೊಬ್ಬರದ ಅಂಗಡಿಯ ಬ್ಯಾರಿ ಕಾಕ ನನಗೆ ಹಳೇ ಪರಿಚಯ. ಸ್ಟೂಲು ಕೊಟ್ಟು ಕೂರಿಸಿ ಚಹಾ ತರಿಸಿದರು. ಕೂತ ಕಡೆಯೆಲ್ಲ ನನಗೆ ವೇದಿಕೆಯೇ. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು ಅಲಸಂಡೆಗೆಂದು ಒಂದು ಚೀಲ ಯೂರಿಯಾ ಕೇಳಿದ.

“ಒಂದು ಚೀಲವಾ?” ಎಂದೆ. “ಮಾರಾಯ, ಅಲಸಂಡೆ ಗಾಳಿಯಿಂದಲೇ ಸಾರಜನಕ ಎಳೆದುಕೊಳ್ಳುವ ಗಿಡ. ಬೇರಿನ ಗಂಟು ಕಿತ್ತು ನೋಡು. ಒಂದು ಸಣ್ಣ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸ್ವಲ್ಪ ಕಟ್ಟಿಸಿಕೊಂಡು ಹೋಗು, ಉಳಿದದ್ದಕ್ಕೆ ಹಟ್ಟಿಗೊಬ್ಬರ ಹಾಕು.”

ಅವನು ತೊಟ್ಟೆ ಕಟ್ಟಿಸಿಕೊಂಡು ಹೋದ. ಅವನ ಹಿಂದಿದ್ದವನಿಗೂ ಹೇಳಿದೆ, ಅವನೂ ತೊಟ್ಟೆಗೇ ಇಳಿದ. ಮೂರನೆಯವನು ಎಲ್ಲ ಕೇಳಿಸಿಕೊಂಡು, ಹಾಗಾದರೆ ಏನೂ ಬೇಡ ಎಂದು ಕೈ ಬೀಸಿಕೊಂಡು ನಡೆದ. ಇಲಾಖೆಯ ಉದ್ದೇಶ ಇಷ್ಟು ಬೇಗ ಈಡೇರಿದ್ದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಕಾಕ ನನ್ನ ಖಾಲಿ ಗ್ಲಾಸು ತೆಗೆದುಕೊಂಡು ಬಹಳ ಪ್ರೀತಿಯಿಂದ ಹೇಳಿದರು, “ಸಾರ್, ನಾಳೆಯಿಂದ ನೀವು ಎದುರಂಗಡಿಯಲ್ಲಿ ಕೂತುಕೊಳ್ಳಿ. ಚಹಾ ನಾನೇ ಕಳಿಸ್ತೇನೆ.”

ಬಟ್ಟೆಯ ಹಗ್ಗಕ್ಕೆ ಹೋದ ಬಳ್ಳಿ

ಊರಿಗೆಲ್ಲ ಚೂರು ಎಂದವನು ನಾನು. ಆದರೆ ಬೆಳಿಗ್ಗೆ ಎದ್ದು ನೋಡಿದರೆ ಅವಳ ಬಳ್ಳಿ ನನ್ನದಕ್ಕಿಂತ ಒಂದು ಗೇಣು ಮುಂದೆ. ಕಣ್ಣೆದುರಿಗೆ ಸಗಣಿಯ ಬುಟ್ಟಿ ತೇಲಿತು. ಇನ್ನೊಂದು ಚೂರು ಹಾಕಿದೆ. ಮಾರನೆಯ ವಾರ ಮತ್ತೊಂದು. ಕೈ ಅದರಷ್ಟಕ್ಕೇ ಹೋಗುತ್ತಿತ್ತು, ನಾನು ತಡೆಯಲಿಲ್ಲ ಅಷ್ಟೆ.

ಬಳ್ಳಿ ಕಪ್ಪುಹಸಿರಾಗಿ ಚಪ್ಪರ ದಾಟಿತು, ಪೇರಳೆ ಮರ ಹತ್ತಿತು, ಅಲ್ಲಿಂದ ಬಟ್ಟೆ ಒಣಗಿಸುವ ಹಗ್ಗ ಹಿಡಿದು ನನ್ನ ಬನಿಯನ್ನಿನ ತನಕ ಹೋಯಿತು. ಹೂವು ಮಾತ್ರ ಇಲ್ಲ. ಅವಳ ಸಾಲಿನಲ್ಲಿ ಆಗಲೇ ಎಳೆ ಕಾಯಿ ನೇತಾಡುತ್ತಿತ್ತು.

“ಎಷ್ಟು ಸೊಂಪಾಗಿ ಉಂಟು ನೋಡು ಮಾರಾಯ್ತಿ,” ಎಂದೆ, ಬೇರೇನೂ ಹೇಳಲು ತೋಚದೆ.

ಅವಳು ಬಳ್ಳಿಯಿಂದ ಬನಿಯನ್ ಬಿಡಿಸುತ್ತಾ ಹೇಳಿದಳು, “ಹೌದು, ಥೇಟ್ ನಿಮ್ಮ ಭಾಷಣ. ಎಲ್ಲಿಗೆ ಬೇಕಾದರೂ ಹೋಗ್ತದೆ, ಕೈಗೆ ಏನೂ ಸಿಗುವುದಿಲ್ಲ.”

ತೂಕದ ದಿನ

ಯೂರಿಯಾ ನಿಲ್ಲಿಸಿದೆ. ಬಳ್ಳಿಯ ತುದಿ ಚಿವುಟಿದೆ, ಬುಡಕ್ಕೆ ಹಟ್ಟಿಗೊಬ್ಬರ ಸುರಿದೆ. ತಡವಾಗಿಯಾದರೂ ಹೂವು ಬಂತು. ಆಮೇಲೆ ಬಂದ ಕಾಯಿಯ ಭರಾಟೆ ಕಂಡು ಹೆಂಡತಿಯೂ ಮಾತು ಕಡಿಮೆ ಮಾಡಿದಳು. ಎರಡೂ ಸಾಲು ಸರಿಸಮ ಎನ್ನುವಾಗ ತೂಕಕ್ಕೆ ಒಂದು ಭಾನುವಾರ ಗೊತ್ತು ಮಾಡಿದೆವು. ತೀರ್ಪಿಗೆ ಪಕ್ಕದ ಮನೆಯ ಮೇಷ್ಟ್ರು.

ಆ ಬೆಳಿಗ್ಗೆ ನನ್ನ ಉತ್ಸಾಹ ಹೇಳತೀರದು. ಮೇಷ್ಟ್ರು ಬರುವಾಗ ಅಂಗಳ ಚಂದ ಕಾಣಲಿ ಎಂದು ದನವನ್ನು ನಾನೇ ಹಿತ್ತಿಲಿಗೆ ಒಯ್ದು ಕಟ್ಟಿದೆ. ದನ ಕಟ್ಟುವುದನ್ನು ಕಾಲೇಜಿನಲ್ಲಿ ಕಲಿಸಿರಲಿಲ್ಲ.

ಮೇಷ್ಟ್ರು ತಕ್ಕಡಿ ಹಿಡಿದುಕೊಂಡು ಬಂದರು. ಮೂವರೂ ಚಪ್ಪರದ ಹತ್ತಿರ ಹೋದೆವು. ದನ ನಮಗಿಂತ ಮೊದಲೇ ಅಲ್ಲಿತ್ತು. ನನ್ನ ಸಾಲಿನಲ್ಲಿ ಬುಡದ ಕಡ್ಡಿ ಮಾತ್ರ ಉಳಿದಿತ್ತು. ಪೇರಳೆ ಮರದಿಂದ ಇಳಿಬಿದ್ದ ಕೊನೆಯ ಬಳ್ಳಿ ಅದರ ಬಾಯಲ್ಲಿತ್ತು. ಹೆಂಡತಿಯ ಸಾಲಿನ ಒಂದು ಎಲೆಯನ್ನೂ ಅದು ಮುಟ್ಟಿರಲಿಲ್ಲ.

ನಾನು ಸೋಲು ಒಪ್ಪುವವನಾ? “ಮೇಷ್ಟ್ರೇ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?” ಎಂದೆ. “ಎರಡು ಸಾಲು ಪಕ್ಕಪಕ್ಕ ಇರುವಾಗ ದನ ಆರಿಸಿದ್ದು ಯಾವುದನ್ನು? ರುಚಿ, ಮೃದುತ್ವ, ಪೋಷಕಾಂಶ, ಎಲ್ಲ ಎರಡು ಗೊಬ್ಬರ ಸೇರಿದ್ದರಲ್ಲಿಯೇ.”

ಮೇಷ್ಟ್ರು ತಕ್ಕಡಿಯ ಖಾಲಿ ತಟ್ಟೆ ನೋಡಿದರು. “ವಾದ ಸರಿ. ಆದರೆ ತೂಗುವುದು ಏನನ್ನು ಸರ್, ದನವನ್ನಾ?”

“ಹಾಗಾದರೆ ನನ್ನ ಇಷ್ಟು ದಿನದ ಬೆಳೆ ಹೋಯ್ತು ಅಂತಲೇ ಲೆಕ್ಕವಾ?”

ಹೆಂಡತಿ ದನದ ಬೆನ್ನು ಸವರಿ, ಗೋಡೆಗೆ ಒರಗಿಸಿದ್ದ ಬುಟ್ಟಿಯನ್ನು ತಂದು ನನ್ನ ಕೈಗೆ ಕೊಟ್ಟಳು.

“ಎಲ್ಲಿಗೂ ಹೋಗಲಿಲ್ಲ ಮಾರಾಯ್ರೇ. ನಾಳೆ ಬೆಳಿಗ್ಗೆ ಹಟ್ಟಿಯಲ್ಲಿ ಸಿಗ್ತದೆ, ನಿಮ್ಮ ಯೂರಿಯಾ ಸಮೇತ. ಬಾಚಿ ತಂದು ನನ್ನ ಸಾಲಿಗೆ ಹಾಕಿ. ಎರಡೂ ಗೊಬ್ಬರ ಸೇರಬೇಕು ಅಂತ ನೀವೇ ಅಲ್ವಾ ಹೇಳುವುದು?”