ರಸಮೇವೂ ಒರಗು ಕುರ್ಚಿಯೂ

ಯಜಮಾನರಿಗೆ ಸಾಕಾಗಿಹೋಗಿತ್ತು. ಬದುಕು ಸಾಕಾಗಿತ್ತು ಅಂತಲ್ಲ, ನಡೆದು ನಡೆದು ಸಾಕಾಗಿತ್ತು. ಐವತ್ತೆಂಟು ತುಂಬಿದ ಮನುಷ್ಯ. ಇದ್ದ ಎರಡು ಮಂಡಿಗಳಲ್ಲಿ ಮಾತು ಕೇಳುತ್ತಿದ್ದದ್ದು ಒಂದೇ. ಬಿಸಿಲು ಏರಿತೆಂದರೆ ಎರಡು ಹಸುಗಳ ಹಿಂದೆ ಒಣಗಿದ ಬಯಲಲ್ಲಿ ಹಸಿರು ಹುಡುಕಿಕೊಂಡು ದಿನವಿಡೀ ಅಲೆಯಬೇಕು. (ಹಸಿರು ಸಿಗುತ್ತಿರಲಿಲ್ಲ. ಮುಳ್ಳು ಸಿಗುತ್ತಿತ್ತು, ಅದೂ ಅವರ ಕಾಲಿಗೇ.)

ಹಸುಗಳಿಗೆ ಹೆಂಡತಿ ಇಟ್ಟ ಹೆಸರು ಹಿರಿಸೊಸೆ, ಕಿರಿಸೊಸೆ. ಗಂಡುಮಕ್ಕಳಿಲ್ಲದ ಮನೆಗೆ ಸೊಸೆಯರು ಬಂದದ್ದು ಹೀಗೆ. ಬಂದ ಮೇಲೆ ಮನೆಯಲ್ಲಿ ಅವರದೇ ಕಾರುಬಾರು.

ಒಂದು ದಿನ ದನದ ಡಾಕ್ಟರು ರಸಮೇವಿನ ವಿಷಯ ತೆಗೆದರು. ಹಸಿ ಮೆಕ್ಕೆಜೋಳವನ್ನು ದಂಟು ಸಮೇತ ಸಣ್ಣಗೆ ಕತ್ತರಿಸಿ, ಗುಂಡಿಗೆ ತುಂಬಿ, ಗಾಳಿ ಉಳಿಯದಂತೆ ತುಳಿದು ಮುಚ್ಚಿಟ್ಟರೆ ಒಂದೂವರೆ ತಿಂಗಳಲ್ಲಿ ಹುಳಿ ಹಿಡಿದು ಹದಕ್ಕೆ ಬರುತ್ತದಂತೆ, ಬೇಸಿಗೆಯಿಡೀ ಆಗುತ್ತದಂತೆ. ಯಜಮಾನರ ಕಣ್ಣು ಅರಳಿತು. ಮರುದಿನವೇ ಪೇಟೆಗೆ ಹೋಗಿ ಒಂದು ಒರಗು ಕುರ್ಚಿ ತಂದರು. ಗುಂಡಿ ತೋಡಿಸಿದ್ದು ಆಮೇಲೆ.

"ಇದ್ಯಾಕ್ರೀ ಕುರ್ಚಿ?" ಅಂದಳು ಹೆಂಡತಿ.

"ಬೇಸಿಗೆಗೆ. ಅವು ಮನೇಲೇ ತಿಂತಾವೆ, ನಾನು ಮನೇಲೇ ಕೂತ್ಕೋತೀನಿ."

"ಮತ್ತೆ ನಾನು?"

"ನೀನು ಗುಂಡಿ ತುಳಿ. ನನಗೆ ಮಂಡಿ ನೋವು, ಗೊತ್ತಲ್ಲ."

ಮೂರು ದಿನ ಆಕೆ ತುಳಿದೇ ತುಳಿದಳು. ಯಜಮಾನರು ಗುಂಡಿಯ ಅಂಚಿನಲ್ಲಿ ಸಿಂಹಾಸನಾರೂಢರಾಗಿ ಆಜ್ಞೆ ಹೊರಡಿಸುತ್ತಿದ್ದರು.

"ಆ ಮೂಲೆ ತುಳಿಯೇ! ಅಲ್ಲಿನ್ನೂ ಗಾಳಿ ಇದೆ!"

"ನಿಮ್ಮ ತಲೇಲಿ ಇರೋದಕ್ಕಿಂತ ಕಮ್ಮಿನೇ ಇದೆ ಬಿಡಿ!"

ಒಂದೂವರೆ ತಿಂಗಳಾದ ಮೇಲೆ ಗುಂಡಿಯ ಮುಚ್ಚಳ ತೆರೆಯುವ ದಿನ ಡಾಕ್ಟರೇ ಬಂದು ಮೂಸಿ ನೋಡಿ ಭೇಷ್ ಅಂದರು. "ಸಂಜೆ ಹಾಲು ಕರೆದಾದ ಮೇಲೆ ಒಂದೊಂದು ಬುಟ್ಟಿ ಕೊಡಿ. ಹಗಲು ಮೇಯೋದು ಮಾತ್ರ ನಿಲ್ಲಿಸ್ಬೇಡಿ," ಅಂತ ಹೇಳಿ ಹೋದರು. ಬುಟ್ಟಿ ಕೊಡಿ ಅನ್ನುವವರೆಗೆ ಯಜಮಾನರ ಕಿವಿಗೆ ಚೆನ್ನಾಗಿಯೇ ಕೇಳಿಸಿತು. ಆಮೇಲಿನದು, ಪಾಪ, ಗಾಳಿಗೆ ಹೋಯಿತು.

ಬೆಳಿಗ್ಗೆ ಎದ್ದವರೇ ಗೋದಲಿ ತುಂಬ ರಸಮೇವು ಸುರಿದರು, ಮಧ್ಯಾಹ್ನ ಸುರಿದರು, ಸಂಜೆಯೂ ಸುರಿದರು. ಉಳಿದ ಹೊತ್ತು ಕುರ್ಚಿ. ಅಯ್ಯೋ, ಆ ಸುಖ! ಮೂರು ದಿನ ಅವರ ಮಂಡಿ ಹೆಂಡತಿಗಿಂತ ಒಳ್ಳೆಯ ಮಾತಾಡಿತು.

ನಾಲ್ಕನೆಯ ದಿನ ಸೊಸೆಯರಿಬ್ಬರಿಗೂ ಹೊಟ್ಟೆ ಕೆಟ್ಟಿತು. ಡಾಕ್ಟರು ಸಗಣಿ ನೋಡಿ ಯಜಮಾನರ ಮುಖ ನೋಡಿದರು. "ಬರೀ ಹುಳಿಮೇವು ತಿನ್ನಿಸ್ತಿದೀರಾ? ಒಣಹುಲ್ಲಾದ್ರೂ ಕಚ್ಚಲಿ, ಬಯಲಿಗೆ ಹೊಡೀರಿ. ಇಲ್ದಿದ್ರೆ ಹಾಲಿನ ಆಸೆ ಬಿಟ್ಬಿಡಿ!"

ಹಾಲಿನ ಆಸೆ ಬಿಡುವುದೆಂದರೆ ಮನೆಯ ಒಲೆಯ ಆಸೆ ಬಿಟ್ಟಂತೆ. ಯಜಮಾನರು ನಿಟ್ಟುಸಿರು ಬಿಟ್ಟು ಎದ್ದರು. ಸೊಸೆಯರು ಏಳಲಿಲ್ಲ. ಹಗ್ಗ ಎಳೆದರು, ಬೆನ್ನು ತಟ್ಟಿದರು, ಕೊನೆಗೆ ಕೈಮುಗಿದರು. ಹಿರಿಸೊಸೆ ಮಲಗಿದಲ್ಲಿಂದಲೇ ಕುರ್ಚಿಯ ಕಡೆ ಒಮ್ಮೆ, ಅವರ ಕಡೆ ಒಮ್ಮೆ ನೋಡಿ ಮೆಲುಕು ಹಾಕಿತು.

"ಕೂತು ತಿನ್ನೋದು ಕಲಿಸಿದ್ದು ನೀವೇ ತಾನೇ?" ಅಂದಳು ಹೆಂಡತಿ. ಗುಂಡಿಯಿಂದ ಒಂದು ಬುಟ್ಟಿ ರಸಮೇವು ತಂದು, ಗಂಡನ ತಲೆಯ ಮೇಲಿಟ್ಟು, ಗೇಟಿನಾಚೆ ನೂಕಿದಳು. "ನಡೀರಿ."

ಯಜಮಾನರು ನಡೆದರು. ಸೊಸೆಯರು ಎದ್ದು ಹಿಂದೆಯೇ ಹೊರಟರು.

ಬಯಲಲ್ಲಿ ಒಂದು ಒಪ್ಪಂದವಾಯಿತು, ಯಜಮಾನರನ್ನು ಮಾತ್ರ ಯಾರೂ ಕೇಳಲಿಲ್ಲ. ಅವರು ನಡೆದರೆ ಹಸುಗಳು ಹಿಂದೆ ಒಣಹುಲ್ಲು ಕಚ್ಚುತ್ತಾ ಬರುತ್ತಿದ್ದವು. ನಿಂತರೆ ಅವೂ ನಿಂತು ಬುಟ್ಟಿಯನ್ನೇ ದಿಟ್ಟಿಸುತ್ತಿದ್ದವು. ಒಮ್ಮೆ ಮಂಡಿ ತಾಳಲಾರದೆ ಬುಟ್ಟಿ ಇಳಿಸಿ ಕೂತರು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕಿರಿಸೊಸೆ ಬುಟ್ಟಿ ಖಾಲಿ ಮಾಡಿ ಮನೆಯ ದಾರಿ ಹಿಡಿದಿತ್ತು.

ಅಂದಿನಿಂದ ಬುಟ್ಟಿ ಕೆಳಗಿಳಿಯಲಿಲ್ಲ. ಹಿಂದೆ ಬರಿಗೈಯಲ್ಲಿ ಅಲೆಯುತ್ತಿದ್ದವರು ಈಗ ಹೊತ್ತುಕೊಂಡು ಅಲೆದರು. ಹುಳಿ ರಸ ಕಿವಿಯ ಹಿಂದೆ ಇಳಿಯುತ್ತಿತ್ತು.

"ಏನ್ ಮಾವ, ಮೆರವಣಿಗೆ ಎಲ್ಲೀವರೆಗೆ?" ಅಂತ ಪಕ್ಕದ ಹೊಲದವನು ದಿನಾ ಕೇಳುತ್ತಿದ್ದ. ಯಜಮಾನರು ಬುಟ್ಟಿ ಸರಿಮಾಡಿಕೊಂಡು ಮುಂದೆ ನಡೆಯುತ್ತಿದ್ದರು.

ಬೇಸಿಗೆ ಮುಗಿಯುತ್ತಾ ಬಂದ ಒಂದು ಸಂಜೆ ಕಾಲೆಳೆಯುತ್ತಾ ಬಂದರು. ಮರದ ಕೆಳಗೆ ಕುರ್ಚಿಯಲ್ಲಿ ಹೆಂಡತಿ ಕಾಲು ಚಾಚಿ ಒರಗಿದ್ದಳು.

"ಸ್ವಲ್ಪ ಏಳೇ, ನಾನೊಂದು ಗಳಿಗೆ..."

"ತುಳಿದ ಕಾಲು ರೀ, ಇನ್ನೂ ನೋಯ್ತಿದೆ. ನೀವು ಅಲ್ಲೇ ಕಟ್ಟೆ ಮೇಲೆ ಕೂತ್ಕೊಳ್ಳಿ, ವಾಸನೆ. ಒಂದು ಮಾತು ಹೇಳ್ಲಾ? ಊರಲ್ಲೆಲ್ಲ ಹಾಲು ಅರ್ಧಕ್ಕೆ ಇಳಿದಿದೆ, ನಮ್ಮನೇಲಿ ಒಂದು ಲೋಟನೂ ಇಳಿದಿಲ್ಲ. ನಿಮ್ಮ ತಲೆಯೇ ತಲೆ ಕಣ್ರೀ!"

ಮೂವತ್ತೆರಡು ವರ್ಷದ ಸಂಸಾರದಲ್ಲಿ ಮೊದಲ ಹೊಗಳಿಕೆ. ಯಜಮಾನರು ತಲೆಯ ಮೇಲಿನ ಬುಟ್ಟಿಯನ್ನು ಕಿರೀಟದಂತೆ ನೆಟ್ಟಗೆ ಮಾಡಿಕೊಂಡರು. ಮಂಡಿ ನೋವು ಕೂಡ ಒಂದು ಕ್ಷಣ ಮರೆತುಹೋಯಿತು.

"ಅದಕ್ಕೇ ನಿರ್ಧಾರ ಮಾಡಿಬಿಟ್ಟೆ," ಅಂದಳಾಕೆ. "ಬರೋ ವರ್ಷ ಇನ್ನೊಂದು ಗುಂಡಿ, ಇನ್ನೂ ಇಬ್ಬರು ಸೊಸೆಯರು. ನಿಮಗೆ ದೊಡ್ಡ ಬುಟ್ಟಿ ಹೇಳಿದೀನಿ."

ಯಜಮಾನರು ಬುಟ್ಟಿ ಕೆಳಗಿಳಿಸಿ, ಸಣ್ಣ ದನಿಯಲ್ಲಿ ಕೇಳಿದರು: "ಮತ್ತೆ... ಕುರ್ಚಿ?"

"ಕುರ್ಚಿ ಒಂದೇ ಸಾಕು ಬಿಡಿ," ಅಂದು ಆಕೆ ಇನ್ನೂ ಸ್ವಲ್ಪ ಹಿಂದಕ್ಕೆ ಒರಗಿದಳು.